ಗಾಜಿನ ಅಳತೆ, ಶಾಯಿಯ ಆಯಸ್ಸು

ಜಲವರ್ಣ ಕಲಾವಿದರು ‘ಕ್ವಾರ್ಟರ್ ಶೀಟ್’ ಎಂದು ಕರೆಯುವ ಕಾಗದದ ಅಳತೆ 11 ಇಂಚು ಅಗಲ, 15 ಇಂಚು ಉದ್ದ. 22 ಮತ್ತು 30 ಇಂಚಿನ ಪೂರ್ತಿ ಹಾಳೆಯನ್ನು ಎರಡು ಸಲ ಮಡಚಿ ಹರಿದರೆ ಸಿಗುವ ಕಾಲು ಭಾಗ ಅದು. ಮನೆಯ ಮೇಜಿನ ಮೇಲೆ ಚಿತ್ರ ಬರೆಯುವವರಿಗೆ ಈ ಅಳತೆ ಚೆನ್ನಾಗಿ ಒಗ್ಗುತ್ತದೆ. ಬೋರ್ಡಿಗೆ ಟೇಪು ಹಚ್ಚಿ ಕೂರಿಸಬಹುದು, ಒಂದೇ ಬೈಠಕ್ಕಿನಲ್ಲಿ ಮುಗಿಸಬಹುದು. ತೊಡಕು ಶುರುವಾಗುವುದು ಚಿತ್ರ ಒಣಗಿದ ಮೇಲೆ. ಸಾಮಾನ್ಯ ಸ್ಕ್ಯಾನರಿನ ಗಾಜು 8.5 ಇಂಚು ಅಗಲ, 11.7 ಇಂಚು ಉದ್ದ. ಹಾಳೆಯ 11 ಇಂಚಿನ ಬದಿ ಗಾಜಿನ ಉದ್ದಕ್ಕೆ ಸರಿಯಾಗಿ ಕೂರುತ್ತದೆ. 15 ಇಂಚಿನ ಬದಿ ಮಾತ್ರ ಆರೂವರೆ ಇಂಚು ಹೊರಗೆ ಚಾಚಿಕೊಳ್ಳುತ್ತದೆ. ಗಾಜಿನ ಸುತ್ತ ಇರುವ ಪ್ಲಾಸ್ಟಿಕ್ ಅಂಚು ಹಾಳೆಯನ್ನು ಒಂಚೂರು ಮೇಲೆತ್ತುತ್ತದೆ. ಅಷ್ಟಕ್ಕೇ ಆ ಭಾಗದ ಗೆರೆ ಮಬ್ಬಾಗಿ, ಬಣ್ಣ ಕಪ್ಪಿಡುತ್ತದೆ.

ಆಗಲೇ ‘ಎ3 ಪ್ರಿಂಟರ್–ಸ್ಕ್ಯಾನರ್ ಒಂದನ್ನು ಮನೆಗೇ ತಂದುಬಿಡೋಣ’ ಎಂಬ ಯೋಚನೆ ಹುಟ್ಟುತ್ತದೆ. ಯೋಚನೆ ಸಹಜವಾದದ್ದೇ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆದವರಿಗೆ ಇದರ ಕಾರಣ ಕಣ್ಣಿಗೇ ಕಾಣುತ್ತದೆ. ಮೂಲಚಿತ್ರವನ್ನು ಮೆಚ್ಚಿ ನಿಂತವರು ಬೆಲೆ ಕೇಳಿ ಮುಂದೆ ಹೋಗುತ್ತಾರೆ. ಪಕ್ಕದಲ್ಲೇ ಅದೇ ಚಿತ್ರದ ಒಳ್ಳೆಯ ಮುದ್ರಿತ ಪ್ರತಿ ಇದ್ದರೆ ಕೊಂಡು ಹೋಗುತ್ತಾರೆ. ಒಂದು ಚಿತ್ರ ಹತ್ತು ಮನೆಗಳನ್ನು ಸೇರುತ್ತದೆ, ಚಿತ್ರ ಬರೆದವರ ಕೈಗೂ ನಾಲ್ಕು ಕಾಸು ಬರುತ್ತದೆ. ಆದ್ದರಿಂದ ಈ ಯಂತ್ರವನ್ನು ಆಟಿಕೆ ಎಂದು ತಳ್ಳಿಹಾಕುವಂತಿಲ್ಲ. ಅದು ಕಲಾವಿದರ ದುಡಿಮೆಯ ಸಾಧನ. ಅಷ್ಟೇ ಗಂಭೀರವಾಗಿ ಅದನ್ನು ಪರೀಕ್ಷಿಸಬೇಕು.

ಪರೀಕ್ಷೆಗೆ ಕೂತರೆ ಮೊದಲು ಎದುರಾಗುವುದು ‘ಎ3’ ಎಂಬ ಪದದ ಗೊಂದಲ. ಪೆಟ್ಟಿಗೆಯ ಮೇಲೆ ಎ3 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಬಹುತೇಕ ಮುದ್ರಣದ ಅಳತೆ. ಸ್ಕ್ಯಾನ್ ಮಾಡುವ ಗಾಜಿನ ಅಳತೆ ಬೇರೆಯೇ ಇರಬಹುದು. ಎಪ್ಸನ್ನಿನ ಎಲ್ 8180 ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕ, ಯುರೋಪುಗಳಲ್ಲಿ ಇಟಿ 8550 ಎಂಬ ಹೆಸರಿನಲ್ಲಿ ಸಿಗುವ ಯಂತ್ರದ ಜಾತಿಯದೇ ಇದು. ಆರು ಟ್ಯಾಂಕುಗಳಿವೆ, ಬೂದು ಬಣ್ಣಕ್ಕೇ ಒಂದು ಪ್ರತ್ಯೇಕ ಶಾಯಿ ಇದೆ, ಹಿಂಬದಿಯ ನೇರ ದಾರಿಯಲ್ಲಿ 1.3 ಮಿಲಿಮೀಟರ್ ದಪ್ಪದ ಕಾಗದವನ್ನೂ ನುಂಗುತ್ತದೆ, ಎ3 ಪ್ಲಸ್ ಅಂದರೆ 13 ಮತ್ತು 19 ಇಂಚಿನ ಹಾಳೆಯ ಮೇಲೆ ಅಂಚಿಲ್ಲದೆ ಅಚ್ಚು ಹಾಕುತ್ತದೆ. ಅದರ ಮುಚ್ಚಳ ತೆಗೆದರೆ ಕಾಣುವುದು ಮಾತ್ರ ಎ4 ಗಾಜು. ಕ್ವಾರ್ಟರ್ ಶೀಟು ಇಲ್ಲೂ ಹೊರಗೆ ಚಾಚುತ್ತದೆ.

ಅದೇ ಕಂಪನಿಯ ಎಲ್ 15150ರಲ್ಲಿ ಲೆಕ್ಕ ತಿರುಗುಮುರುಗು. ಗಾಜು ನಿಜವಾಗಿಯೂ ಎ3, ಕ್ವಾರ್ಟರ್ ಶೀಟು ಸಲೀಸಾಗಿ ಮಲಗುತ್ತದೆ. ಶಾಯಿ ಪೂರ್ತಿ ಪಿಗ್ಮೆಂಟ್, ಬೇಗ ಮಾಸುವುದಿಲ್ಲ. ಆದರೆ ಬಣ್ಣ ನಾಲ್ಕೇ. ಕಚೇರಿಯ ಕಾಗದಪತ್ರ, ನಕ್ಷೆ, ಪಟ್ಟಿಗಳನ್ನು ಸಾವಿರಗಟ್ಟಲೆ ಮುದ್ರಿಸಲೆಂದು ರೂಪಿಸಿದ ಯಂತ್ರವದು. ಜಲವರ್ಣದ ತೆಳು ಆಕಾಶವನ್ನು ಅದರ ಕೈಗೆ ಕೊಟ್ಟರೆ ನೀಲಿ ಬಿಳಿಗೆ ಕರಗುವ ಕಡೆ ಸಣ್ಣ ಸಣ್ಣ ಚುಕ್ಕೆಗಳು ಕಾಣತೊಡಗುತ್ತವೆ. ನಯವಾದ ಹೊಳಪಿನ ಕಾಗದದ ಮೇಲೆ ಅಚ್ಚು ಒಂದಿಷ್ಟು ಸಪ್ಪೆಯಾಗಿಯೂ ಕಾಣುತ್ತದೆ. ಮ್ಯಾಟ್ ಕಾಗದದ ಮೇಲೆ ಗಟ್ಟಿ ಬಣ್ಣದ ಪೋಸ್ಟರ್, ಲಿನೋಕಟ್, ಇಂಕಿನ ರೇಖಾಚಿತ್ರಗಳಿಗೆ ಈ ಯಂತ್ರ ಸೊಗಸು.

ಒಂದಕ್ಕೆ ಗಾಜು ಚಿಕ್ಕದು, ಇನ್ನೊಂದಕ್ಕೆ ಬಣ್ಣ ಕಡಿಮೆ. ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆಯಲ್ಲಿ ಹುಡುಕುವವರು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ಕೊನೆಗೆ ದೊಡ್ಡ ಮೊತ್ತ ಕೊಟ್ಟು, ಸ್ಕ್ಯಾನಿಗೂ ಅರ್ಧ, ಮುದ್ರಣಕ್ಕೂ ಅರ್ಧ ಎನ್ನುವಂಥ ಯಂತ್ರ ತರುತ್ತಾರೆ. ಈ ಕೊಳ್ಳಾಟದ ಮೂಲ ತಪ್ಪು ಇಲ್ಲೇ ಇದೆ. ಚಿತ್ರವನ್ನು ಸೆರೆಹಿಡಿಯುವುದು ಬೇರೆ ಕೆಲಸ, ಅದನ್ನು ಅಚ್ಚು ಹಾಕುವುದು ಬೇರೆ ಕೆಲಸ. ಮುದ್ರಣ ಕೆಟ್ಟರೆ ಇನ್ನೊಂದು ಹಾಳೆ ಹಾಕಬಹುದು. ಇವತ್ತಿನ ಪ್ರಿಂಟರ್ ಸಾಲದಿದ್ದರೆ ಐದು ವರ್ಷದ ನಂತರ ಒಳ್ಳೆಯದನ್ನು ತರಬಹುದು. ಮೂಲಚಿತ್ರ ಮಾತ್ರ ಮಾರಾಟವಾಗಿ ಯಾರದೋ ಗೋಡೆ ಸೇರಿದ ಮೇಲೆ ವಾಪಸ್ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಉಳಿದ ಫೈಲೊಂದೇ ಆಮೇಲೆ ಆಧಾರ. ಹಾಗಾಗಿ ಮೊದಲ ದುಡ್ಡು, ಮೊದಲ ಗಮನ ಎರಡೂ ಸೆರೆಹಿಡಿಯುವ ಕೆಲಸಕ್ಕೆ ಸಲ್ಲಬೇಕು.

ಸ್ಕ್ಯಾನರುಗಳಲ್ಲಿ ಎರಡು ಬಗೆ. ಕ್ಯಾನನ್ ಲೈಡ್ 300, ಲೈಡ್ 400, ಎಪ್ಸನ್ ಪರ್ಫೆಕ್ಷನ್ ವಿ39 ಮುಂತಾದ ತೆಳ್ಳಗಿನ, ಅಗ್ಗದ ಯಂತ್ರಗಳು ಸಿಐಎಸ್ ಬಗೆಯವು. ಗಾಜಿನ ಅಗಲದಷ್ಟೇ ಉದ್ದದ ಒಂದು ಪಟ್ಟಿ ಹಾಳೆಗೆ ಹತ್ತಿಕೊಂಡೇ ಸರಿಯುತ್ತ ಓದುತ್ತದೆ. ಯುಎಸ್‌ಬಿ ವೈರಿನಿಂದಲೇ ವಿದ್ಯುತ್ ಸಿಗುತ್ತದೆ, ಬ್ಯಾಗಿನಲ್ಲಿ ಇಟ್ಟು ಒಯ್ಯಬಹುದು. ಆದರೆ ಗಾಜಿಗೆ ಒತ್ತಿಕೊಂಡಿರುವುದು ಮಾತ್ರ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಕೊಂಚ ಮೇಲೆದ್ದರೂ ಮಬ್ಬು. ಎಪ್ಸನ್ ವಿ600, ವಿ850ರಂಥ ದಪ್ಪ ಯಂತ್ರಗಳಲ್ಲಿ ಕನ್ನಡಿ, ಲೆನ್ಸ್, ಸಿಸಿಡಿ ಸೆನ್ಸರ್ ಇರುತ್ತವೆ. ಉಬ್ಬುತಗ್ಗುಗಳನ್ನು ಇವು ಹೆಚ್ಚು ಸಹಿಸುತ್ತವೆ. ನೀರು ಹೀರಿ ಅಲೆಅಲೆಯಾದ ಕಾಗದ, ಅಂಟಿಸಿದ ಕೊಲಾಜ್, ದಪ್ಪ ಅಕ್ರಿಲಿಕ್ ಇದ್ದರೆ ಸಿಸಿಡಿಯೇ ಸರಿ. ಬೆಲೆ ಸಿಐಎಸ್ ಯಂತ್ರಗಳ ಹಲವು ಪಟ್ಟು. ಎ3 ಗಾಜಿನ ಸಿಸಿಡಿ ಸ್ಕ್ಯಾನರ್, ಉದಾಹರಣೆಗೆ ಎಪ್ಸನ್ ಎಕ್ಸ್‌ಪ್ರೆಷನ್ 12000 ಎಕ್ಸ್‌ಎಲ್, ಲಕ್ಷಗಳ ಲೆಕ್ಕದ ವಸ್ತು. ಅದು ಗ್ರಂಥಾಲಯ, ಮ್ಯೂಸಿಯಂಗಳಿಗೆ ಸರಿ, ಮನೆಗೆ ಅಲ್ಲ.

ಪೆಟ್ಟಿಗೆಯ ಮೇಲಿನ 4800, 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಎಂಬ ಅಂಕಿಗಳಿಗೆ ಮರುಳಾಗುವ ಅಗತ್ಯವಿಲ್ಲ. ಅಷ್ಟು ಸೂಕ್ಷ್ಮತೆ ಬೇಕಾಗುವುದು ಸಣ್ಣ ಫಿಲಂ ನೆಗೆಟಿವ್‌ಗೆ. ಕಾಗದದ ಚಿತ್ರವನ್ನು ಅದೇ ಅಳತೆಯಲ್ಲಿ ಮುದ್ರಿಸಲು 300 ಡಿಪಿಐ ಸಾಕು. ಎರಡರಷ್ಟು ದೊಡ್ಡದಾಗಿ ಮುದ್ರಿಸಬೇಕೆಂದರೆ 600. ಕ್ವಾರ್ಟರ್ ಶೀಟನ್ನು 600ರಲ್ಲಿ ಓದಿಸಿದರೆ 6600 ಮತ್ತು 9000 ಚುಕ್ಕೆಗಳ, ಸುಮಾರು 59 ಮೆಗಾಪಿಕ್ಸೆಲ್ಲಿನ ಚಿತ್ರ ಸಿಗುತ್ತದೆ. 48 ಬಿಟ್ ಬಣ್ಣದಲ್ಲಿ ಉಳಿಸಿದರೆ ಫೈಲಿನ ತೂಕ 350 ಎಂಬಿ ದಾಟುತ್ತದೆ. ಮನೆಯ ಕಂಪ್ಯೂಟರಿಗೆ ಅಷ್ಟಕ್ಕೇ ಸಾಕುಬೇಕಾಗುತ್ತದೆ.

ಇನ್ನು ಹೊರಗೆ ಚಾಚಿದ ಆರೂವರೆ ಇಂಚಿನ ಮಾತು. ಎ4 ಗಾಜಿನ ಮೇಲೆ ಕ್ವಾರ್ಟರ್ ಶೀಟನ್ನು ಎರಡು ಸಲ ಓದಿಸಿದರೆ 8.5ರಂತೆ ಒಟ್ಟು 17 ಇಂಚು ದಕ್ಕುತ್ತದೆ. ಚಿತ್ರದ 15 ಇಂಚು ಕಳೆದರೆ ಎರಡಿಂಚು ಪುನರಾವರ್ತನೆಯಾಗಿ ಉಳಿಯುತ್ತದೆ. ಎರಡು ತುಂಡುಗಳನ್ನು ಹೊಂದಿಸಿ ಹೊಲಿಯಲು ಇದು ಧಾರಾಳ. ಪ್ಲಾಸ್ಟಿಕ್ ಅಂಚಿನ ಬಳಿ ಮಬ್ಬಾದ ಭಾಗ ಈ ಎರಡಿಂಚಿನಲ್ಲೇ ಮುಚ್ಚಿಹೋಗುತ್ತದೆ. ಮುಚ್ಚಳವನ್ನು ಕಳಚಿ, ಹಾಳೆಯ ಬೆನ್ನಿಗೆ ಕಪ್ಪು ಕಾಗದ ಹಾಸಿ, ಮೇಲೆ ಒಂದು ಸಮತಟ್ಟಾದ ಹಲಗೆಯನ್ನೂ ಎರಡು ದಪ್ಪ ಪುಸ್ತಕವನ್ನೂ ಇಟ್ಟರೆ ಹಾಳೆ ಗಾಜಿಗೆ ಒತ್ತಿಕೊಳ್ಳುತ್ತದೆ. ಎರಡನೇ ಸಲ ಓದಿಸುವಾಗ ಹಾಳೆಯನ್ನು ಜರುಗಿಸಬೇಕು, ತಲೆಕೆಳಗು ಮಾಡಬಾರದು. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಒರಟು ಕಾಗದದ ಪ್ರತಿ ಉಬ್ಬಿಗೂ ಒಂದು ನೆರಳಿರುತ್ತದೆ. ತಲೆಕೆಳಗಾದರೆ ಆ ನೆರಳೂ ತಿರುಗಿ, ಹೊಲಿಗೆ ಹಾಕಿದ ಜಾಗ ಕಣ್ಣಿಗೆ ಹೊಡೆಯುತ್ತದೆ. ತಂತ್ರಾಂಶದ ‘ಆಟೋ’ ಬಟನ್ನುಗಳನ್ನೆಲ್ಲ ಆರಿಸುವುದು ಇನ್ನೊಂದು ನಿಯಮ. ಇಲ್ಲದಿದ್ದರೆ ಒಂದು ತುಂಡಿನ ಆಕಾಶ ತಿಳಿ, ಇನ್ನೊಂದರದ್ದು ಗಾಢ. ಹೊಲಿಗೆಗೆ ಫೋಟೋಶಾಪ್ ಇಲ್ಲದಿದ್ದರೂ ನಡೆಯುತ್ತದೆ, ಹ್ಯುಗಿನ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಹಾಫ್ ಶೀಟ್, ಅಂದರೆ 15 ಮತ್ತು 22 ಇಂಚಿನ ಹಾಳೆಯಾದರೆ ನಾಲ್ಕು ತುಂಡು ಬೇಕು. ಲೆಕ್ಕದಲ್ಲಿ ಅದೂ ಸರಿಹೋಗುತ್ತದೆ, ಆದರೆ ಉದ್ದದ ದಿಕ್ಕಿನಲ್ಲಿ ಪುನರಾವರ್ತನೆ ಒಂದೂವರೆ ಇಂಚಿಗೂ ಕಡಿಮೆ. ಕೈ ಸ್ವಲ್ಪ ಓರೆಯಾದರೆ ಮಧ್ಯದಲ್ಲಿ ಬಿರುಕು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಚಿತ್ರಗಳಿಗೆ ಸ್ಕ್ಯಾನರಿನ ಆಸೆ ಬಿಡುವುದೇ ಲೇಸು.

ಅಲ್ಲಿಗೆ ಕ್ಯಾಮೆರಾ ಬರುತ್ತದೆ. ಮದುವೆ, ಪ್ರವಾಸಗಳಿಗೆಂದು ಕೊಂಡು ಕಪಾಟಿನಲ್ಲಿಟ್ಟ 24 ಮೆಗಾಪಿಕ್ಸೆಲ್ ಕ್ಯಾಮೆರಾ ಎಷ್ಟೋ ಮನೆಗಳಲ್ಲಿದೆ. ಅದರ ಚಿತ್ರದ ಅಳತೆ 6000 ಮತ್ತು 4000 ಚುಕ್ಕೆ. ಕ್ವಾರ್ಟರ್ ಶೀಟಿಗೆ ಹಂಚಿದರೆ ಇಂಚಿಗೆ 360ಕ್ಕೂ ಹೆಚ್ಚು ಚುಕ್ಕೆ, ಹಾಫ್ ಶೀಟಿಗೆ ಸುಮಾರು 270. ಎರಡೂ ಮುದ್ರಣಕ್ಕೆ ಯೋಗ್ಯ. ಚಿತ್ರವನ್ನು ಗೋಡೆಗೆ ನೇರವಾಗಿ ಕೂರಿಸಿ, ಎರಡು ಒಂದೇ ಬಗೆಯ ದೀಪಗಳನ್ನು ಎಡಬಲದಲ್ಲಿ 45 ಡಿಗ್ರಿ ಕೋನದಲ್ಲಿಟ್ಟು, ಟ್ರೈಪಾಡಿನ ಮೇಲಿಂದ ತೆಗೆದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಕ್ಯಾಮೆರಾ ಮತ್ತು ಚಿತ್ರವನ್ನು ಸಮಾನಾಂತರವಾಗಿ ನಿಲ್ಲಿಸುವುದು. ಇದಕ್ಕೆ ಛಾಯಾಗ್ರಾಹಕರ ಹಳೆಯ ಉಪಾಯವೊಂದಿದೆ. ಚಿತ್ರ ಇರುವ ಜಾಗದ ನಟ್ಟನಡುವೆ ಒಂದು ಸಣ್ಣ ಚಪ್ಪಟೆ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ವ್ಯೂಫೈಂಡರಿನಲ್ಲಿ ನೋಡಬೇಕು. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯದಲ್ಲಿ ಕಂಡರೆ ಕ್ಯಾಮೆರಾ ನೇರವಾಗಿದೆ. ಪಕ್ಕಕ್ಕೆ ಸರಿದಿದ್ದರೆ ಟ್ರೈಪಾಡನ್ನು ಅಷ್ಟು ಸರಿಸಬೇಕು. ಎಷ್ಟೋ ಸಾವಿರ ರೂಪಾಯಿಯ ಉಪಕರಣ ಮಾಡುವ ಕೆಲಸವನ್ನು ಮುಖ ನೋಡುವ ಕನ್ನಡಿ ಮಾಡಿಕೊಡುತ್ತದೆ.

ಕರ್ನಾಟಕದಲ್ಲಿ ಕ್ಯಾಮೆರಾ ದಾರಿಯನ್ನು ಅನಿವಾರ್ಯಗೊಳಿಸುವ ಇನ್ನೊಂದು ಕಾರಣವಿದೆ, ಅದು ಮೈಸೂರು ಶೈಲಿಯ ಚಿತ್ರ. ಉಬ್ಬುಗೆಲಸದ ಮೇಲೆ ಚಿನ್ನದ ರೇಕು ಅಂಟಿಸಿದ ಕಿರೀಟ, ಪ್ರಭಾವಳಿ, ಕಂಬಗಳನ್ನು ಸ್ಕ್ಯಾನರಿಗೆ ಕೊಟ್ಟರೆ ಚಿನ್ನ ಸಾಸಿವೆ ಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗುತ್ತದೆ. ಲೋಹದ ಕಾಂತಿ ಎಂದರೆ ಕನ್ನಡಿಯಂತೆ ಒಂದೇ ದಿಕ್ಕಿಗೆ ಮರಳುವ ಬೆಳಕು. ಸ್ಕ್ಯಾನರಿನ ದೀಪ ಬೀಳುವ ಕೋನ ಆ ಬೆಳಕು ಸೆನ್ಸರನ್ನು ತಲುಪದಂತೆ ರೂಪಿಸಿದ್ದು. ಬಣ್ಣದ ಚಿತ್ರಕ್ಕೆ ವರವಾದದ್ದು ಚಿನ್ನಕ್ಕೆ ಶಾಪ. ತೈಲವರ್ಣದ ಹೊಳಪನ್ನು ಕೊಲ್ಲಲು ಬಳಸುವ ಪೋಲರೈಸರ್ ಹಾಳೆಗಳೂ ಇಲ್ಲಿ ಚಿನ್ನವನ್ನು ಕಪ್ಪಾಗಿಸುತ್ತವೆ. ಕ್ಯಾಮೆರಾದಲ್ಲಾದರೆ ಒಂದು ದೊಡ್ಡ ಬಿಳಿ ಥರ್ಮೋಕೋಲ್ ಹಲಗೆಯನ್ನು ಓರೆಯಾಗಿ ಹಿಡಿದು ಅದರ ಬಿಳುಪು ಚಿನ್ನದಲ್ಲಿ ಪ್ರತಿಫಲಿಸುವಂತೆ ಮಾಡಬಹುದು. ಬಣ್ಣಕ್ಕೊಂದು, ಚಿನ್ನಕ್ಕೊಂದು ಹೀಗೆ ಎರಡು ಚಿತ್ರ ತೆಗೆದು ಆಮೇಲೆ ಕೂಡಿಸಬಹುದು. ಹಾಗೆ ಮಾಡಿದರೂ ಮನೆಯ ಯಾವ ಇಂಕ್‌ಜೆಟ್ ಪ್ರಿಂಟರಿನಲ್ಲೂ ಚಿನ್ನದ ಶಾಯಿ ಇಲ್ಲ. ಕಾಗದದ ಮೇಲೆ ಬರುವುದು ಹಳದಿಯ ಛಾಯೆಗಳೇ. ಮುದ್ರಿತ ಪ್ರತಿಯ ಮೇಲೆ ಮತ್ತೆ ಕೈಯಿಂದ ರೇಕು ಅಂಟಿಸಿ ಮಾರುವ ಕಲಾವಿದರಿದ್ದಾರೆ. ಕೊಳ್ಳುವವರಿಗೆ ತಿಳಿಸಿ ಮಾಡಿದರೆ ಅದೊಂದು ಪ್ರಾಮಾಣಿಕ, ಸುಂದರ ಪರಿಹಾರ.

ಸೆರೆಹಿಡಿಯುವ ಕೆಲಸದ ಮಿತಿಗಳಲ್ಲಿ ಒಂದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ‘ಒಪೇರಾ’ ಎಂದು ಮಾರುವ ಕಣ್ಣು ಕುಕ್ಕುವ ಗುಲಾಬಿಯಂಥ ಪ್ರತಿದೀಪ್ತ ಬಣ್ಣಗಳನ್ನು ಸ್ಕ್ಯಾನರೂ ಸರಿಯಾಗಿ ಓದುವುದಿಲ್ಲ, ಪ್ರಿಂಟರೂ ಮುದ್ರಿಸುವುದಿಲ್ಲ. ಅದರ ಮೇಲೆ ಸಿಟ್ಟಾಗಿ ಯಂತ್ರ ಬದಲಿಸುವುದು ದುಡ್ಡಿಗೆ ದಂಡ.

ಈಗ ಮುದ್ರಣದ ಕಡೆ ಬರಬಹುದು. ಚಿತ್ರದ ಪ್ರತಿಗಳನ್ನು ಜನರ ಮನೆಗೆ ಮುಟ್ಟಿಸುವ ಆಸೆ ಇಲ್ಲಿ ಹೊಸದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರ ಮೂಲಚಿತ್ರಗಳನ್ನು ನೋಡಲು ಜನ ಹೋಗುತ್ತಾರೋ ಆ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದು ಇದೇ ಆಸೆಯಿಂದ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕಿತ್ತು. ಇಂಕ್‌ಜೆಟ್ ಕಲಾಮುದ್ರಣ ಹುಟ್ಟಿದ್ದು ಅದಕ್ಕೆ ಸುಮಾರು ನೂರು ವರ್ಷದ ನಂತರ. ಗಾಯಕ, ಛಾಯಾಗ್ರಾಹಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯ ತೆರೆದರು. ಅಚ್ಚಿಗೆ ಮೊದಲಿನ ಕರಡು ತೆಗೆಯಲೆಂದು ತಯಾರಾದ ಐರಿಸ್ 3047 ಯಂತ್ರವನ್ನು 1,26,000 ಡಾಲರಿಗೆ ಕೊಂಡು ಕಲಾಮುದ್ರಣಕ್ಕೆ ಒಗ್ಗಿಸಿದರು. ಅಲ್ಲಿದ್ದ ಜ್ಯಾಕ್ ಡುಗಾನ್ ಈ ಮುದ್ರಣಕ್ಕೆ ಇಟ್ಟ ಹೆಸರೇ ಜಿಕ್ಲೇ. ಸಿಂಪಡಿಸುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಂದಿನ ಐರಿಸ್ ಶಾಯಿಗಳು ನೋಡಲು ಅದ್ಭುತವಾಗಿದ್ದವು, ಬೆಳಕಿಗೆ ಮಾತ್ರ ಬೇಗ ಮಾಸುತ್ತಿದ್ದವು.

ಮಾಸುವಿಕೆಯ ಪಾಠವನ್ನು ಮನೆಬಳಕೆಯ ಪ್ರಿಂಟರುಗಳು ಕಲಿತದ್ದು 2000ದಲ್ಲಿ. ಆ ವರ್ಷ ಎಪ್ಸನ್ ಸ್ಟೈಲಸ್ ಫೋಟೋ 870 ಮತ್ತು 13 ಇಂಚು ಅಗಲದ 1270 ಬಂದವು, ಬೆಳಕಿಗೆ ಬಹುಕಾಲ ಬಾಳುವ ಮುದ್ರಣ ಎಂಬ ಹೆಗ್ಗಳಿಕೆಯೊಂದಿಗೆ. ಕೆಲವರ ಮನೆಗಳಲ್ಲಿ ಕೆಲವೇ ವಾರಗಳಲ್ಲಿ ಚಿತ್ರಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬೆಳಕಿನ ಪರೀಕ್ಷೆಯಲ್ಲಿ ಗೆದ್ದ ಶಾಯಿ ಗಾಳಿಯಲ್ಲಿನ ಓಝೋನಿಗೆ ಸೋತಿತ್ತು. ರಂಧ್ರಮಯ ಹೊಳಪು ಕಾಗದ ಗಾಳಿಯನ್ನು ಒಳಗೆ ಬಿಟ್ಟು ನೀಲಿಯ ಅಂಶವನ್ನು ತಿನ್ನಿಸಿತ್ತು. ಅದೇ ವರ್ಷ ಬಂದ ಪಿಗ್ಮೆಂಟ್ ಶಾಯಿಯ 2000 ಪಿ ಮಾಸಲಿಲ್ಲ, ಆದರೆ ಅದರ ಬಣ್ಣಗಳು ದೀಪದ ಬೆಳಕಿಗೊಂದು, ಹಗಲಿಗೊಂದು ಬಗೆಯಾಗಿ ಕಂಡವು. ಏಳು ಬಣ್ಣದ 2200 ಮಾದರಿ 2002ರಲ್ಲಿ ಬಂದಾಗ ಎರಡೂ ತೊಂದರೆ ಬಹುಮಟ್ಟಿಗೆ ಹದಕ್ಕೆ ಬಂತು. ಇಪ್ಪತ್ತು ವರ್ಷ ದಾಟಿದ ಈ ಕತೆಯಲ್ಲಿ ಇವತ್ತಿನ ಕೊಳ್ಳುವವರಿಗೂ ಒಂದು ಕೆಲಸದ ಮಾತಿದೆ. ಮುದ್ರಣದ ಆಯಸ್ಸು ಶಾಯಿಯೊಂದರ ಗುಣವಲ್ಲ. ಶಾಯಿ, ಕಾಗದ, ಗಾಜಿನ ಚೌಕಟ್ಟು ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ.

ಡೈ ಶಾಯಿ ಎಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಹೊಳಪು ಕಾಗದದ ಮೇಲೆ ಕಣ್ಣಿಗೆ ಹಬ್ಬ, ಶಾಯಿ ಸಿಂಪಡಿಸುವ ಹೆಡ್ ಕಟ್ಟಿಕೊಳ್ಳುವುದೂ ಕಡಿಮೆ, ಬಾಳಿಕೆ ಮಾತ್ರ ಅಷ್ಟಕ್ಕಷ್ಟೇ. ಪಿಗ್ಮೆಂಟ್ ಎಂದರೆ ಕರಗದ ಸೂಕ್ಷ್ಮ ಕಣ. ಮ್ಯಾಟ್ ಮತ್ತು ಹತ್ತಿಕಾಗದದ ಮೇಲೆ ಗಂಭೀರವಾದ ಬಣ್ಣ, ದೀರ್ಘ ಬಾಳಿಕೆ. ನಾಲ್ಕಾರು ದಿನ ಬಳಸದಿದ್ದರೆ ತೊಂದರೆ ಕೊಡುವ ಸ್ವಭಾವವೂ ಇದಕ್ಕೆ ಹೆಚ್ಚು.

ಅಗ್ಗದ ದಾರಿಯಲ್ಲಿ ಇವತ್ತು ಗಟ್ಟಿಯಾಗಿ ನಿಲ್ಲುವುದು ಇಂಕ್ ಟ್ಯಾಂಕ್ ಪ್ರಿಂಟರುಗಳು. ಎಪ್ಸನ್ ಇವನ್ನು 2010ರಲ್ಲಿ ಮೊದಲು ಬಿಟ್ಟದ್ದು ಇಂಡೋನೇಷ್ಯಾದಲ್ಲಿ. ಅಲ್ಲಿಂದ ಭಾರತಕ್ಕೂ ಬಂದು ಫೋಟೋ ಸ್ಟುಡಿಯೊ, ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರುಗಳನ್ನೆಲ್ಲ ಹೊಕ್ಕವು. ಎ3 ಪ್ಲಸ್ ಅಳತೆಯಲ್ಲಿ ಎಲ್ 1300 ನಾಲ್ಕು ಬಣ್ಣದ್ದು. ಎಲ್ 1800 ಮತ್ತು ಅದರ ನಂತರದ ಎಲ್ 18050 ಆರು ಬಣ್ಣದವು, ಸಾಮಾನ್ಯ ನೀಲಿ, ಗುಲಾಬಿಗಳ ಜೊತೆ ತೆಳು ನೀಲಿ, ತೆಳು ಗುಲಾಬಿಯೂ ಇರುತ್ತವೆ. ಆ ಎರಡು ತೆಳು ಶಾಯಿಗಳೇ ಚಿತ್ರಕಲೆಗೆ ಮುಖ್ಯ. ಜಲವರ್ಣದ ಮಂಜು, ಮುಖದ ಮೇಲಿನ ನೆರಳು, ದೂರದ ಬೆಟ್ಟ ಚುಕ್ಕೆಯಾಗಿ ಒಡೆಯದೆ ನಯವಾಗಿ ಇಳಿಯುವುದು ಅವುಗಳಿಂದ. ಬೆಲೆಯ ವ್ಯತ್ಯಾಸ ನೋಡಿ ನಾಲ್ಕು ಬಣ್ಣದ ಯಂತ್ರ ತಂದವರು ಮೊದಲ ಭಾವಚಿತ್ರ ಮುದ್ರಿಸಿದ ದಿನವೇ ಆ ವ್ಯತ್ಯಾಸದ ಅರ್ಥ ತಿಳಿಯುತ್ತಾರೆ.

ಇನ್ನೊಂದು ತುದಿಯಲ್ಲಿ ಕಾರ್ಟ್ರಿಡ್ಜ್ ಯಂತ್ರಗಳಿವೆ. ಕ್ಯಾನನ್ ಪ್ರೊ 200ರಲ್ಲಿ ಎಂಟು ಡೈ ಶಾಯಿ, ಪ್ರೊ 300ರಲ್ಲಿ ಹತ್ತು ಪಿಗ್ಮೆಂಟ್ ಕಾರ್ಟ್ರಿಡ್ಜ್, ಎಪ್ಸನ್ ಪಿ 700ರಲ್ಲೂ ಹತ್ತು. ಬಣ್ಣದ ನಿಖರತೆಯಲ್ಲಿ, ಬಾಳಿಕೆಯಲ್ಲಿ ಪ್ರೊ 300 ಮತ್ತು ಪಿ 700ಕ್ಕೆ ಇಂಕ್ ಟ್ಯಾಂಕ್ ಸಮನಲ್ಲ, ಇದನ್ನು ಒಪ್ಪಲೇಬೇಕು. ಆದರೆ ಪ್ರೊ 300ರ ಒಂದು ಕಾರ್ಟ್ರಿಡ್ಜಿನಲ್ಲಿರುವ ಶಾಯಿ 14.4 ಮಿಲಿಲೀಟರ್, ಪಿ 700ರಲ್ಲಿ 25. ಎಲ್ 1800ರ ಒಂದು ಬಾಟಲಿಯಲ್ಲಿ 70. ಹತ್ತು ಕಾರ್ಟ್ರಿಡ್ಜುಗಳ ಒಂದು ಸೆಟ್ಟಿನ ಬೆಲೆ ಕೇಳಿದಾಗ ಮೂಗಿಗಿಂತ ಮೂಗುತಿ ಭಾರ ಎನ್ನುವುದು ಮನವರಿಕೆಯಾಗುತ್ತದೆ. ಪ್ರತಿಯೊಂದು ಮುದ್ರಣಕ್ಕೂ ಒಳ್ಳೆಯ ಬೆಲೆ ಸಿಗುವ, ಸಹಿ ಮತ್ತು ಸಂಖ್ಯೆ ಹಾಕಿ ಸೀಮಿತ ಪ್ರತಿ ಮಾರುವ ಕಲಾವಿದರಿಗೆ ಮಾತ್ರ ಈ ಖರ್ಚು ಗಿಟ್ಟುತ್ತದೆ.

ಗಿಟ್ಟುವುದು ಎಂದರೇನು ಎಂಬುದನ್ನು ಕಾಗದದ ಮೇಲೆ ಬರೆದೇ ನೋಡಬೇಕು. ಐವತ್ತು ಸಾವಿರ ರೂಪಾಯಿಯ ಯಂತ್ರ ಮೂರು ವರ್ಷ ಬಾಳುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 10 ದೊಡ್ಡ ಮುದ್ರಣ ತೆಗೆದರೆ ಒಟ್ಟು 360. ಶಾಯಿ, ಕಾಗದ ಬಿಟ್ಟು ಯಂತ್ರದ ಪಾಲೇ ಪ್ರತಿಗೆ 139 ರೂಪಾಯಿ. ತಿಂಗಳಿಗೆ 40 ತೆಗೆದರೆ ಅದು 35ಕ್ಕೆ ಇಳಿಯುತ್ತದೆ. ತಿಂಗಳಿಗೆ ಎರಡೋ ಮೂರೋ ಸಾಕೆನ್ನುವವರು ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಒಳ್ಳೆಯ ಮುದ್ರಣಾಲಯಕ್ಕೆ ಕೊಡುವುದೇ ಎಲ್ಲ ರೀತಿಯಲ್ಲೂ ಲಾಭ. ಅಲ್ಲಿನ ಪಿಗ್ಮೆಂಟ್ ಶಾಯಿ, ಹತ್ತಿಕಾಗದ ಎರಡೂ ಮನೆಯ ಯಂತ್ರವನ್ನು ಮೀರಿಸುತ್ತವೆ. ಒಳ್ಳೆಯ ಸ್ಕ್ಯಾನ್ ಕೈಯಲ್ಲಿದ್ದವರಿಗೆ ಮಾತ್ರ ಈ ಬಾಗಿಲು ತೆರೆದಿರುತ್ತದೆ.

ಲೆಕ್ಕಕ್ಕೆ ಸಿಗದ ಖರ್ಚೂ ಒಂದಿದೆ. ಬಳಸದ ಇಂಕ್‌ಜೆಟ್ ಕೆಡುತ್ತದೆ. ಹೆಡ್ಡಿನ ಕಣ್ಣುಗಳು ಕೂದಲಿಗಿಂತ ಸೂಕ್ಷ್ಮ. ಶಾಯಿ ಒಣಗಿದರೆ ಮುದ್ರಣದಲ್ಲಿ ಬಿಳಿ ಗೆರೆಗಳು. ಹೆಡ್ ಕ್ಲೀನಿಂಗ್ ಒತ್ತಿದಾಗಲೆಲ್ಲ ಒಳ್ಳೆಯ ಶಾಯಿ ತ್ಯಾಜ್ಯದ ಪ್ಯಾಡಿಗೆ ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಆ ಪ್ಯಾಡ್ ತುಂಬಿದರೆ ಸರ್ವಿಸ್ ಸೆಂಟರಿಗೆ ಹೊರಬೇಕು. ಎಲ್ 15150, ಎಲ್ 8180ರಂಥವುಗಳಲ್ಲಿ ಮೆಂಟೆನೆನ್ಸ್ ಬಾಕ್ಸನ್ನು ಮನೆಯಲ್ಲೇ ಬದಲಿಸಬಹುದು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೊಂದು, ಆದರೆ ಕೇಳುವವರು ಕಡಿಮೆ.

ಕರ್ನಾಟಕದ ಹವೆಗೂ ಕರೆಂಟಿಗೂ ಇಲ್ಲಿ ನೇರ ಸಂಬಂಧವಿದೆ. ಪ್ರಿಂಟರನ್ನು ಅದರದೇ ಬಟನ್ನಿನಿಂದ ಆರಿಸಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಮುದ್ರಿಸುತ್ತಿರುವಾಗಲೇ ಕರೆಂಟು ಹೋದರೆ ಹೆಡ್ ಹಾಳೆಯ ನಡುವೆಯೇ ನಿಂತು, ಮುಚ್ಚಳವಿಲ್ಲದೆ ಗಾಳಿಗೆ ಒಣಗುತ್ತದೆ. ಲೋಡ್ ಶೆಡ್ಡಿಂಗಿನ ಊರಿನಲ್ಲಿ ಸಣ್ಣ ಯುಪಿಎಸ್ ಒಂದನ್ನು ಪ್ರಿಂಟರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಣಹವೆ ಹೆಡ್ಡನ್ನು ಕಾಡಿದರೆ, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿಯಾಗುತ್ತದೆ. ಸುರುಳಿಯಾದ ಅಂಚು ಹೆಡ್ಡಿಗೆ ತಾಗಿ ಶಾಯಿ ಬಳಿಯುತ್ತದೆ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಸಮತಟ್ಟಾಗಿ ಇಡುವುದು, ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಒಂದು ಸಣ್ಣ ಚಿತ್ರ ಮುದ್ರಿಸುವುದು, ಈ ಎರಡು ಅಭ್ಯಾಸದಿಂದ ಯಂತ್ರದ ಆಯಸ್ಸು ನಿಜವಾಗಿಯೂ ಹೆಚ್ಚುತ್ತದೆ.

ಅಗ್ಗದ ಡುಪ್ಲಿಕೇಟ್ ಶಾಯಿಯ ಆಕರ್ಷಣೆ ದೊಡ್ಡದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಲೀಟರ್ ಬಾಟಲಿಯಲ್ಲೇ ಸಿಗುತ್ತದೆ. ಅಭ್ಯಾಸದ ಪ್ರತಿಗೆ, ಮಕ್ಕಳ ಪ್ರಾಜೆಕ್ಟಿಗೆ ಅದು ನಡೆಯಬಹುದು. ದುಡ್ಡು ತೆಗೆದುಕೊಂಡು ಕೊಡುವ ಚಿತ್ರಕ್ಕೆ ಸಲ್ಲದು. ಅದರ ಬಾಳಿಕೆಯ ಪರೀಕ್ಷೆ ಆಗಿರುವುದಿಲ್ಲ, ಪ್ರಿಂಟರಿನ ಬಣ್ಣದ ಲೆಕ್ಕವೆಲ್ಲ ಕಂಪನಿಯ ಶಾಯಿಗೆ ಹೊಂದಿಸಿದ್ದು. ಹಾಗೆಯೇ, ಚಿತ್ರ ಬರೆಯುವ ಜಲವರ್ಣ ಕಾಗದವನ್ನೇ ಪ್ರಿಂಟರಿಗೆ ಹಾಕಿದರೆ ಶಾಯಿ ನಾರಿನೊಳಗೆ ಇಳಿದು ಬಣ್ಣ ಮಂಕಾಗುತ್ತದೆ. ಇಂಕ್‌ಜೆಟ್‌ಗೆಂದೇ ಲೇಪನ ಕೊಟ್ಟ ಕಾಗದ ಬೇಕು. ಜರ್ಮನಿಯ ಹಾನೆಮ್ಯೂಲೆ ಕಂಪನಿಯ 308 ಜಿಎಸ್ಎಂ ಫೋಟೋ ರ‍್ಯಾಗ್ ಇದರಲ್ಲಿ ಹೆಸರುವಾಸಿ, ಬೆಲೆಯೂ ಹಾಗೆಯೇ. ಇಂಥ ಕಾಗದದ ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಲವು ಪ್ರಿಂಟರುಗಳಿಗೆ ಬಣ್ಣ ಹೊಂದಿಸುವ ಐಸಿಸಿ ಪ್ರೊಫೈಲನ್ನು ಪುಕ್ಕಟೆ ಕೊಡುತ್ತವೆ. ಅದನ್ನು ಇಳಿಸಿಕೊಂಡು ಬಳಸುವುದಕ್ಕೆ ಹತ್ತು ನಿಮಿಷ ಸಾಕು, ಬಣ್ಣದಲ್ಲಿ ಕಾಣುವ ಸುಧಾರಣೆ ಪ್ರಿಂಟರನ್ನೇ ಬದಲಿಸಿದಷ್ಟು. ‘ಮುದ್ರಣ ಕಪ್ಪಗೆ ಬಂತು’ ಎಂಬ ದೂರಿಗೆ ಬಹುತೇಕ ಕಾರಣ ಪ್ರಿಂಟರ್ ಅಲ್ಲ, ಅತಿ ಪ್ರಖರವಾಗಿ ಇಟ್ಟುಕೊಂಡ ಕಂಪ್ಯೂಟರ್ ಪರದೆ.

ಒಟ್ಟಾರೆ ತೀರ್ಪು ಹೀಗೆ. ಕ್ವಾರ್ಟರ್ ಶೀಟಿನವರೆಗೆ ಕಾಗದದ ಮೇಲೆ ಜಲವರ್ಣ, ಪೆನ್ನು, ಪೆನ್ಸಿಲ್ ಕೆಲಸ ಮಾಡುವವರಿಗೆ ಮುಚ್ಚಳ ಕಳಚಬಹುದಾದ ಎ4 ಸ್ಕ್ಯಾನರ್, ಜೊತೆಗೆ ಹೊಲಿಗೆಯ ತಾಳ್ಮೆ ಸಾಕು. ಉಬ್ಬುತಗ್ಗಿನ ಕೆಲಸವಿದ್ದರೆ ಸಿಸಿಡಿಗೆ ಹಣ ಕೂಡಿಡುವುದು ಒಳ್ಳೆಯದು. ದೊಡ್ಡ ಕ್ಯಾನ್ವಾಸ್, ತೈಲವರ್ಣ, ಚಿನ್ನದ ರೇಕಿನವರು ಸ್ಕ್ಯಾನರಿನ ದುಡ್ಡನ್ನು ಎರಡು ದೀಪ, ಒಂದು ಟ್ರೈಪಾಡಿಗೆ ಹಾಕಬೇಕು. ವಾರ ವಾರ ಮುದ್ರಿಸುವವರಿಗೆ ಆರು ಬಣ್ಣದ ಎ3 ಪ್ಲಸ್ ಇಂಕ್ ಟ್ಯಾಂಕ್ ಅಗ್ಗದ ದಾರಿಯಲ್ಲಿ ಅತಿ ಒಳ್ಳೆಯ ಆಯ್ಕೆ. ದಪ್ಪ ಕಾಗದ ಮತ್ತು ಕಪ್ಪುಬಿಳುಪು ಕೆಲಸ ಹೆಚ್ಚಿದ್ದರೆ ಎಲ್ 8180, ಅದರ ಎ4 ಗಾಜನ್ನು ಬೋನಸ್ ಎಂದು ಮಾತ್ರ ನೋಡಿ. ಎಲ್ 15150 ರೇಖೆ ಮತ್ತು ಗಟ್ಟಿ ಬಣ್ಣದವರ ಯಂತ್ರ. ಪಿಗ್ಮೆಂಟ್ ಕಾರ್ಟ್ರಿಡ್ಜ್ ಯಂತ್ರಗಳು ಮಾರಾಟ ಕುದುರಿದ ಮೇಲಿನ ಮಾತು, ಅಲ್ಲಿಯವರೆಗೆ ಆ ಗುಣಮಟ್ಟವನ್ನು ಮುದ್ರಣಾಲಯದಿಂದ ಬಾಡಿಗೆಗೆ ಪಡೆಯಬಹುದು.

ಯಾವ ಯಂತ್ರದಿಂದ ತೆಗೆದರೂ, ಪ್ರತಿಯ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ವಿಷಯ ಬರೆಯುವ ರೂಢಿಯನ್ನು ಇಲ್ಲಿನ ಕಲಾವಿದರು ಬೇಗ ಬೆಳೆಸಿಕೊಳ್ಳಬೇಕಿದೆ: ಇದು ಮುದ್ರಿತ ಪ್ರತಿ ಎಂಬುದು, ಶಾಯಿ ಡೈ ಅಥವಾ ಪಿಗ್ಮೆಂಟ್ ಎಂಬುದು, ಕಾಗದದ ಹೆಸರು, ಮುದ್ರಿಸಿದ ತಿಂಗಳು ಮತ್ತು ವರ್ಷ. ಮುಂದಿನ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರವೊಂದನ್ನು ಕೈಗೆತ್ತಿಕೊಂಡವರು ಅದನ್ನು ತಿರುಗಿಸಿ ನೋಡಿದಾಗ ಆ ನಾಲ್ಕು ಸಾಲು ಅಲ್ಲಿರಬೇಕು.